ಗಿಡ್ಡ ಹಿಡಿಯ ಕೋವಿ

ಜನವರಿ 14, ಭಾನುವಾರ, ಸಂಜೆ 4

ಗ್ವೆಂಡಾ ಇನ್ನೂ ಬಂದಿಲ್ಲ. ಆರು ತಿಂಗಳಿಂದ ಪ್ರತಿ ಭಾನುವಾರ ಇದೇ ಕಥೆ. ಬೆಳಿಗ್ಗೆ ಪಕ್ಕದ ಮನೆಯ ರಾಡ್ನಿ ಹಾರ್ನ್ ಹೊಡೆಯುತ್ತಾನೆ, ನನ್ನ ಹೆಂಡತಿ ಫ್ಲಾಸ್ಕ್ ಹಿಡಿದು ಓಡುತ್ತಾಳೆ. ಶೂಟಿಂಗ್ ಕ್ಲಬ್ಬಿನಲ್ಲಿ ಚಹಾ ಮಾಡಿಕೊಡುತ್ತಾಳಂತೆ. ಚಹಾ ಮಾಡುವುದಕ್ಕೆ ಲಿಪ್‌ಸ್ಟಿಕ್ ಏಕೆ?

ರಾಡ್ನಿಯ ಹೆಂಡತಿ ತೀರಿಕೊಂಡು ಮೂರು ವರ್ಷ. ಇಟಲಿಯ ಕೋವಿ ಅವನದು. ಹಾರುವ ಮಣ್ಣಿನ ಬಿಲ್ಲೆಗೆ ಗುರಿಯಿಟ್ಟನೆಂದರೆ ಪುಡಿಪುಡಿ — ಇದನ್ನೂ ಅವಳೇ ಹೇಳಿದ್ದು, ನಾನು ಆಲೂಗಡ್ಡೆ ಸುಲಿಯುತ್ತಿದ್ದಾಗ.

ಹೊಟ್ಟೆಕಿಚ್ಚು. ಇಲ್ಲಿ ಬರೆಯಲು ನಾಚಿಕೆಯೇನು. ಲೈಸೆನ್ಸ್ ಮಾಡಿಸಿದ್ದೂ ಅದಕ್ಕೇ. ಇನ್ನು ಕೋವಿಯೊಂದು ಬೇಕು.

ಜನವರಿ 20

ಲಡ್ಲೋ ಪೇಟೆಯಲ್ಲಿ ಕೋವಿ ಸಿಕ್ಕಿತು. ಸೆಕೆಂಡ್ ಹ್ಯಾಂಡ್, ನೂರೈವತ್ತು ಪೌಂಡ್. ಇಷ್ಟು ಅಗ್ಗ ಹೇಗೆ ಎಂದು ಕೇಳಬೇಕಿತ್ತು.

"ಕೋಟು ಬಿಚ್ಚಿ ಹಿಡಿದು ನೋಡಿ ಸಾರ್," ಎಂದ ಅಂಗಡಿಯವನು.

ಬಿಚ್ಚಲಿಲ್ಲ. ಒಳಗೆ ಸ್ವೆಟರಿನ ಮೊಣಕೈ ಹರಿದಿತ್ತು. ಭುಜಕ್ಕೆ ಸರಿಯಾಗಿಯೇ ಕೂತಿತು.

ಕೋವಿ ಇಡುವ ಉಕ್ಕಿನ ಬೀರು ಗೋಡೆಗೆ ಹೊಡೆದಾಯಿತು. ಲೈಸೆನ್ಸ್ ಇಲ್ಲದವರಿಗೆ ಕೀಲಿ ಎಲ್ಲಿದೆಯೆಂದು ಗೊತ್ತಿರಬಾರದು, ಹೆಂಡತಿಗೂ — ಪೊಲೀಸಿನವನ ಕಟ್ಟಪ್ಪಣೆ. ಮೂವತ್ತೊಂದು ವರ್ಷದಲ್ಲಿ ಅವಳಿಗೆ ಗೊತ್ತಿಲ್ಲದ್ದು ನನ್ನ ಹತ್ತಿರ ಇದೊಂದೇ. ಒಂಥರಾ ಖುಷಿ.

ಫೆಬ್ರವರಿ 11

ನಾನೂ ಕ್ಲಬ್ಬಿಗೆ ಹೋದೆ. ಇಪ್ಪತ್ತೈದು ಬಿಲ್ಲೆಗೆ ಆರು ಹೊಡೆದೆ.

"ಲೆಸ್ಲಿ, ನೀನು ಹೋದ ವಾರದ ಬಿಲ್ಲೆಗೆ ಗುರಿಯಿಡ್ತಿದೀಯ ಮಾರಾಯ," ಎಂದ ರಾಡ್ನಿ. ಗ್ವೆಂಡಾ ನಕ್ಕಳು. ಅವನು ಹೇಳಿದ್ದಕ್ಕೆಲ್ಲ ನಗುತ್ತಾಳೆ.

ಮೇ 19, ಭಾನುವಾರ

ಮೊದಲ ಬಿಸಿಲು. ಅಂಗಿಯಲ್ಲೇ ನಿಂತೆ. ಒಂದು ಗುಂಡು... ಕೋವಿ ಹಿಂದಕ್ಕೆ ಒದ್ದು ನನ್ನದೇ ಹೆಬ್ಬೆರಳು ನನ್ನದೇ ಮೂಗಿಗೆ ಬಡಿಯಿತು. ರಕ್ತ.

ರಾಡ್ನಿ ಕೋವಿ ತಿರುಗಿಸಿ ನೋಡಿದ. "ಭುಜಕ್ಕಾನಿಸೋ ಹಿಡಿ ಕೊಯ್ದು ಗಿಡ್ಡ ಮಾಡಿದಾರೆ. ದಪ್ಪ ಕೋಟು ಹಾಕ್ಕೊಂಡು ಕೊಂಡ್ಕೊಂಡೆ ತಾನೆ? ಕೋಟಿನ ದಪ್ಪದಲ್ಲಿ ಗಿಡ್ಡ ಅಂತ ಗೊತ್ತಾಗಿಲ್ಲ. ಚಳಿಗಾಲದಲ್ಲಿ ಕೋವಿ ತಗೊಳ್ಳೋ ಹೆಡ್ಡರೆಲ್ಲ ಮಾಡೋದೇ ಇದು."

ಎಲ್ಲರೂ ನಕ್ಕರು. ಈ ಸಲ ಗ್ವೆಂಡಾ ನಗಲಿಲ್ಲ. ನನ್ನ ಮೂಗು ಒರೆಸಿ, "ಕೊಡು ಇಲ್ಲಿ," ಎಂದು ಕೋವಿ ತೆಗೆದುಕೊಂಡಳು.

ಅವಳಿಗೆಂದೇ ಮಾಡಿಸಿದ ಹಾಗೆ ಕೂತಿತು. ಇಪ್ಪತ್ತೈದಕ್ಕೆ ಹತ್ತೊಂಬತ್ತು. ಆ ಮುಖ ನಾನು ಮನೆಯಲ್ಲಿ ನೋಡಿದ್ದೇ ಇಲ್ಲ. ರಾಡ್ನಿಗೆ ಅದು ಹೊಸದಲ್ಲ — ಅವನು ಬಿಲ್ಲೆಗಳನ್ನಷ್ಟೇ ನೋಡುತ್ತಿದ್ದ.

ವಾಪಸು ಬರುವಾಗ ಕೇಳಿದೆ. "ಯಾರು ಕಲಿಸಿದ್ದು?"

"ರಾಡ್ನಿ. ಅವನ ಹೆಂಡ್ತಿ ಕೋವೀಲಿ."

"ನಂಗೆ ಹೇಳ್ಬೋದಿತ್ತು."

"ಹೇಳಿದ್ರೆ ಪಕ್ಕದಲ್ಲೇ ನಿಂತು ತಪ್ಪು ಎತ್ತಿ ಆಡ್ತಿದ್ದೆ. ಡ್ರೈವಿಂಗ್ ಕಲಿಸಿದ್ದು ನೆನಪಿದೆಯಾ?"

ನೆನಪಿದೆ. ಆಮೇಲೆ ಅವಳು ಸ್ಟೇರಿಂಗ್ ಮುಟ್ಟಲೇ ಇಲ್ಲ.

ಜೂನ್ 9

ಮೂರು ಭಾನುವಾರದಿಂದ ಕೋವಿ ಬೀರುವಿನಲ್ಲೇ. ನಾನು ಹೋಗುವುದಿಲ್ಲ. ನೀನು ತಂದುಕೊಡು, ನಾನು ಹೊಡೆಯುತ್ತೇನೆ ಎಂದಳು. ಕೊಡಲಿಲ್ಲ. ಕಾನೂನು ಎಂದೆ, ಕ್ಲಬ್ಬಿನೊಳಗೆ ಲೈಸೆನ್ಸ್ ಇಲ್ಲದೆಯೂ ಹೊಡೆಯಬಹುದೆಂದು ಗೊತ್ತಿದ್ದೂ. ಅವಳಿಗೆ ಅಷ್ಟು ಚೆನ್ನಾಗಿ ಬರುತ್ತದಲ್ಲ, ಅದನ್ನೇ ಸಹಿಸಲಾಗುತ್ತಿಲ್ಲ — ಇದನ್ನು ಹೇಳಲಿಲ್ಲ. ಮೊದಲು ಅವನ ಮೇಲಿದ್ದ ಉರಿ ಈಗ ಅವಳ ಮೇಲೆ.

ಜೂನ್ 15, ಮಧ್ಯಾಹ್ನ

ಊಟದ ತಟ್ಟೆಯ ಪಕ್ಕ ಒಂದು ಲಕೋಟೆ ಇಟ್ಟಳು. ಅವಳ ಹೆಸರಿನ ಲೈಸೆನ್ಸ್. ಏಪ್ರಿಲ್‌ನಲ್ಲಿ ಪೊಲೀಸಿನವನು ಬಂದದ್ದು ನಾನೆಣಿಸಿದಂತೆ ನನ್ನ ಬೀರು ನೋಡಲಿಕ್ಕಲ್ಲ, ಅವಳನ್ನು ವಿಚಾರಿಸಲಿಕ್ಕೆ. ಶಿಫಾರಸು ಬರೆದವನು ರಾಡ್ನಿ, ಮತ್ತಿನ್ಯಾರು.

"ತನ್ನ ಹೆಂಡ್ತಿ ಕೋವಿ ನನಗೇ ಕೊಟ್ಬಿಡ್ತೀನಿ ಅಂದ," ಎಂದಳು.

"ತಗೊಂಡ್ಯಾ?"

"ಬೇಡ ಅಂದೆ. ನನ್ನ ಅಳತೆದು ನಮ್ಮನೇಲೇ ಇದೆ ಅಂದೆ."

ಬಟಾಣಿಯನ್ನು ಫೋರ್ಕಿನಿಂದ ಆಚೀಚೆ ತಳ್ಳುತ್ತ ಕೂತೆ.

"ಈಗಾದ್ರೂ ಕೀಲಿ ಎಲ್ಲಿದೆ ಅಂತ ಹೇಳ್ತೀಯಾ, ಲೆಸ್?"

ಉಪ್ಪಿನ ಡಬ್ಬಿಗೆ ಕೈ ಚಾಚಿದೆ. ತಟ್ಟೆ ಎತ್ತಿಕೊಂಡು ಹೋದಳು.

ಜೂನ್ 16, ಭಾನುವಾರ, ಬೆಳಿಗ್ಗೆ 8.10

ರಾಡ್ನಿಯ ಹಾರ್ನ್. ಅವಳು ಬಾಗಿಲ ಬಳಿ ಬೂಟಿನ ದಾರ ಕಟ್ಟುತ್ತಿದ್ದಾಳೆ. ಬೇಕೆಂದೇ ನಿಧಾನ. ಈಗಲೂ ಬಾಯಲ್ಲಿ ಹೇಳಲಾಗುತ್ತಿಲ್ಲ. ಈ ಪುಟ ಹರಿದು ಫ್ಲಾಸ್ಕಿನ ಕೆಳಗೆ ಇಡುತ್ತೇನೆ.

ಗ್ವೆಂಡಾ, ಹೊಟ್ಟೆಕಿಚ್ಚು ಇನ್ನೂ ಇದೆ. ಇವತ್ತು ಅವನ ಕಾರು ಬೇಡ, ನಮ್ಮದನ್ನ ನೀನೇ ಓಡಿಸು, ನಾನು ಬರ್ತೀನಿ, ಪಕ್ಕದ ಸೀಟಿನಲ್ಲಿ ಕೂತ್ಕೊಂಡು ಬಾಯಿ ಮುಚ್ಕೊಂಡಿರ್ತೀನಿ. ಕೀಲಿ ಮಹಡಿ ಮೇಲೆ, ಆ ಹಾಳು ದಪ್ಪ ಕೋಟಿನ ಒಳಜೇಬಿನಲ್ಲಿ.