ಒಣ ಪರಿಮಳ

ಮಾರ್ಚ್ ೧೪, ಗುರುವಾರ

ನನ್ನ ಮುಂಗೈಯನ್ನೇ ಮತ್ತೆ ಮತ್ತೆ ಮೂಸಿ ನೋಡುತ್ತಿದ್ದೇನೆ. ಏನೂ ಇಲ್ಲ. ಅದೇ ಈಗ ಸಂಕಟ.

ಕೀಮೋ ಶುರುವಾದಾಗಿನಿಂದ ಇವರಿಗೆ ಯಾವ ವಾಸನೆಯೂ ಆಗದು, ಮೂಗಿಗೆ ಬಿದ್ದರೆ ವಾಂತಿ. ಹಗಲು ಮನೆಯಲ್ಲಿ ಇವರನ್ನು ನೋಡಿಕೊಳ್ಳುವುದು ನರ್ಸ್; ನಾನೋ ದಿನವಿಡೀ ಸೆಂಟಿನ ಅಂಗಡಿಯಲ್ಲಿ ನಿಲ್ಲುವವಳು. ಹೂವಿನದು, ಸಿಹಿಯದು ಬೇಡ, ಒಣ ಪರಿಮಳವಾದರೆ ತಡೆದುಕೊಂಡಾರು ಅಂದುಕೊಂಡಿದ್ದೆ.

ಮದುವೆಯಾದಾಗಿನಿಂದ ಹಾಕಿಕೊಂಡು ಬಂದದ್ದು ಲಾವಂಚದ ಆ ಹಳೇ ಸೆಂಟು. ಬಿಸಿಲಿಗೆ ಕಾದ ಬೇರು, ಪೆನ್ಸಿಲ್ ಕೆತ್ತಿದ ಪುಡಿ, ಕೊನೆಗೆ ಒಂದು ಚೂರು ಕಹಿ. ಅದಕ್ಕೆ ಮುಲಾಜಿಲ್ಲ, ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತದೆ. "ನೀನು ಮೆಟ್ಟಿಲು ಹತ್ತೋಕೆ ಮೊದ್ಲೇ ನಿನ್ ಸೆಂಟು ಬಂದು ಬಾಗಿಲು ತಟ್ಟುತ್ತೆ" ಎಂದು ಇವರು ನಗುತ್ತಿದ್ದರು. ಈಗ ಅದು ಬಂದರೆ ಮುಖ ಗೋಡೆಯ ಕಡೆಗೆ.

ಈಗಿನ ಕಾಲದವರು ಮಾಡಿದ ಒಣ ಸೆಂಟೊಂದನ್ನು ಹಾಕಿ ನೋಡಿದೆ. ಹೊಸ ಕಾಗದ, ಒಣಗಿದ ಕಲ್ಲು, ಇಸ್ತ್ರಿ ಬಟ್ಟೆ. ಚೊಕ್ಕಟವೇನೋ ಹೌದು, ಆದರೆ ಒಣ ಉಪಚಾರದ ಮಾತಿನ ಹಾಗೆ, ಒಳಗೆ ಯಾರೂ ಇಲ್ಲ. ಅದಕ್ಕೂ ಬೇಸಿನ್ ಹಿಡಿಯಬೇಕಾಯಿತು.

ಇವತ್ತು ಅಂಗಡಿಗೆ ರಜೆ ಹಾಕಿದೆ. ಸೋಪೂ ಮುಟ್ಟದೆ ಬರೀ ನೀರಲ್ಲಿ ಮಿಂದು, ಸಂಜೆ ಹಾಸಿಗೆಯ ಪಕ್ಕ ಕೂತು ಕೈ ಹಿಡಿದುಕೊಂಡೆ. ಬೆಳಕು ಚುಚ್ಚುತ್ತದೆಂದು ಇವರು ಕಣ್ಣು ಮುಚ್ಚಿಯೇ ಇದ್ದರು. ವಾಂತಿ ಬರಲಿಲ್ಲ. ಕೈಯನ್ನೂ ಬಿಡಿಸಿಕೊಳ್ಳಲಿಲ್ಲ. ಗೆದ್ದೆ ಅಂದುಕೊಂಡೆ.

ಆಮೇಲೆ ಮೆಲ್ಲಗೆ ಕೇಳಿದರು: "ಸಿಸ್ಟರ್, ನಮ್ಮವಳು ಇನ್ನೂ ಬಂದಿಲ್ವಾ?"

ಒಂದು ಮಾತಾಡಿದ್ದರೆ ಗುರುತು ಸಿಗುತ್ತಿತ್ತು. ಹೊದಿಕೆ ಸರಿಮಾಡಿದೆ ಅಷ್ಟೇ. ಬಾಗಿಲ ಕಡೆ ಮುಖ ಮಾಡಿ ಕಾಯುತ್ತಲೇ ನಿದ್ದೆ ಹೋದರು. ನನ್ನ ಕೈ ಹಿಡಿದುಕೊಂಡೇ.

ಲಾವಂಚದ ಬಾಟಲಿ ಮೇಜಿನ ಮೇಲೇ ಇದೆ. ಮುಚ್ಚಳ ತೆಗೆದರೆ ನಾನು ಬಂದೆನೆಂದು ಇವರಿಗೆ ಗೊತ್ತಾಗುತ್ತದೆ, ಜೊತೆಗೇ ಬೇಸಿನ್ನೂ ಬೇಕಾಗುತ್ತದೆ.