ಅಪ್ಪನ ಇನ್ನೊಂದು ಜೊತೆ ಚಪ್ಪಲಿ

ಅಮ್ಮಾ,

ಮಕ್ಕಳ ಆಸ್ಪತ್ರೆಗೆ ಹಣ ಕೂಡಿಸಲು ಹೊರಟ ನಮ್ಮ ನಡಿಗೆಗೆ ಇವತ್ತು ಮೂರನೇ ದಿನ. ಮನೆಯವರು, ಗೆಳತಿಯರು ಎಲ್ಲರೂ ಆರಾಮಾಗಿದ್ದೇವೆ. ಮಂಡಿನೋವಿನ ಅಪ್ಪ ನಡೆಯಕೂಡದು ಅಂತ ನೀನು ಅಪ್ಪಣೆ ಮಾಡಿದ ಹಾಗೆ, ಅವರು ನೀರಿನ ಕ್ಯಾನುಗಳ ಜೊತೆ ವ್ಯಾನಿನಲ್ಲೇ ಕೂತಿದ್ದಾರೆ.

ನಿನ್ನೆ ಮಾತ್ರ ಎರಡು ಮೈಲಿ ಹೆಚ್ಚಾಯಿತು. ಎಲ್ಲರಿಗಿಂತ ಮುಂದಿದ್ದ ಒಬ್ಬರು, ಮೂವತ್ತು ವರ್ಷ ಅಂಚೆ ಹಂಚಿದ ಅಭ್ಯಾಸಕ್ಕೆ, ಸಿಕ್ಕ ಓಣಿಗೆಲ್ಲ ತಿರುಗಿ ಕೊನೇ ಮನೆಯ ಗೇಟು ಮುಟ್ಟಿ ವಾಪಸ್ ಬಂದರು. ನಾವೆಲ್ಲ ಕುರಿಮಂದೆಯ ಹಾಗೆ ಹಿಂದೆ ಹಿಂದೆ ಹೋದೆವು.

ನಾಳೆ ಚಿಕ್ಕಮ್ಮ ಬರುವಾಗ ಅಪ್ಪನ ಇನ್ನೊಂದು ಜೊತೆ ಚಪ್ಪಲಿ ಕೊಟ್ಟು ಕಳಿಸು. ಇದರ ಅಟ್ಟೆ ಸವೆದುಹೋಗಿದೆ. ವ್ಯಾನಿನಲ್ಲಿ ಕೂತವರಿಗೆ ಅದು ಹೇಗೆ ಸವೆಯಿತು ಅಂತ ಫೋನ್ ಮಾಡಿ ಜಗಳ ತೆಗೀಬೇಡ. ನಿವೃತ್ತಿಯಾದ ದಿನ ನಿಂತುಹೋಗಿದ್ದ ಅವರ ಸಿಳ್ಳೆ ಮತ್ತೆ ಶುರುವಾಗಿದೆ.

ನಿನ್ನ ಮಗಳು