ಗೇಟಿಲ್ಲದ ಕಂಪನಿಯ ಮುಂದೆ ಧರಣಿ

ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯ ಸಿಬ್ಬಂದಿ ಮುಖ್ಯಸ್ಥರೇ,

ಫೋನಿನಲ್ಲೇ ಸಂದರ್ಶನ ಮಾಡಿ ನೇಮಿಸಿಕೊಂಡ ಬ್ಯಾಡಗಿಯ ತರನ್ನುಮಳನ್ನು ನೀವು ಫೋನಿನಲ್ಲೇ ಕೆಲಸದಿಂದ ತೆಗೆದಿದ್ದೀರಿ. ಗ್ರಾಹಕರ ಕರೆಯಲ್ಲಿ ಗಲಾಟೆ ಕೇಳಿಸಿತು, ಆದ್ದರಿಂದ ಆಕೆ ‘ಕಂಪನಿಯ ಸಂಸ್ಕೃತಿಗೆ ಹೊಂದುವುದಿಲ್ಲ’ ಎಂದಿರಿ. ಮಾನ್ಯರೇ, ಆ ಗಲಾಟೆ ನಾನು. ಹಾವೇರಿಯ ಕಚೇರಿಗಳ ಮುಂದೆ ಮೂವತ್ತು ವರ್ಷಗಳಿಂದ ಕೂಗುತ್ತಿರುವ ಗಲಾಟೆ.

ರಾಣೆಬೆನ್ನೂರಿನ ಬೀಜದಂಗಡಿಯ ಮೇಲೆ ಆರು ಕಂಪ್ಯೂಟರ್ ಇಟ್ಟು ಅದನ್ನು ‘ದೂರ ಶಾಖೆ’ ಎಂದು ಕರೆದಿರಿ. ನಿಮ್ಮ ಬಿಲ್ಲಿನ ತಂತ್ರಾಂಶ ಕೈಕೊಟ್ಟಾಗ ನಾಡಿನ ಅಂಗಡಿಯವರ ಬೈಗುಳ ಕೇಳುವುದು ಅಲ್ಲಿನ ತರನ್ನುಮ ಮತ್ತಿತರ ಐವರ ಕೆಲಸ. ‘ನಾವೆಲ್ಲ ಒಂದೇ ಕುಟುಂಬ, ಹಿರಿಯರ ಬಾಗಿಲು ಸದಾ ತೆರೆದಿದೆ’ ಎಂಬ ಪುಸ್ತಿಕೆಯನ್ನೂ ಕಳಿಸಿದಿರಿ. ತೆರೆದಿರಬಹುದು, ಮುನ್ನೂರು ಕಿಲೋಮೀಟರ್ ದೂರದ ಬಾಗಿಲನ್ನು ತಳ್ಳಿ ನೋಡುವವರಾರು? ನಿಮ್ಮೊಂದಿಗೆ ಕಾಫಿ ಕುಡಿದವರಿಗೆ ಬಡ್ತಿ. ಇವರಿಗೆ ಕಂಪ್ಯೂಟರ್ ತಾನೇ ಕಳಿಸುವ ಹುಟ್ಟುಹಬ್ಬದ ಶುಭಾಶಯ. ಎರಡು ವರ್ಷ ಮುಖವನ್ನೇ ನೋಡದ ಇದೆಂಥ ಕುಟುಂಬ?

ಆಕೆ ಇನ್ನೂ ಕೆಲಸದಲ್ಲಿದ್ದಾಗಲೇ ಈ ತಾರತಮ್ಯ ಕೇಳಿ ನನ್ನ ರಕ್ತ ಕುದಿಯಿತು. ಅದು ಕುದಿಯಲು ದೊಡ್ಡ ಕಾರಣವೇನೂ ಬೇಕಿಲ್ಲ. ಆಟೋಗೆ ಮೈಕ್ ಕಟ್ಟಿಕೊಂಡು ಹೋದೆ. ಮಾಲೀಕರ ಕಾರು ಒಳಗೆ ಹೋಗದಂತೆ ಗೇಟಿನ ಮುಂದೆ ಕೂರುವುದು ನಾವು ಕಲಿತ ಪದ್ಧತಿ. ಗೇಟು ಹುಡುಕಿದೆ. ಬೀಜದಂಗಡಿಯ ಸಿದ್ದಲಿಂಗಪ್ಪ ಕೇಳಿದರು: “ಗೇಟ್ ಎಲ್ಲಿಂದ ತರೂಣ್ರಿ? ನನ್ನ ಗಿರಾಕಿ ತಡೀಬ್ಯಾಡ್ರಿ, ಬಾಜೂಕ ಕುಂದ್ರಿ.” ಬಾಜೂಕ ಎಂದರೆ ಸರಿಯಾಗಿ ತರನ್ನುಮಳ ಕಿಟಕಿಯ ಕೆಳಗೆ. ಅಲ್ಲಿಂದ ನಿಮ್ಮ ವಿರುದ್ಧ ಗುಡುಗಿದೆ.

ಆಕೆ ಇಳಿದು ಬಂದಳು.

“ಕಾಕಾ, ಯಾರಿಗೆ ಬೈಯಾಕತ್ತೀರಿ?”

“ನಿನ್ನ ಮಾಲಕರಿಗವ್ವ.”

“ಅವರು ಇಲ್ಲೆಲ್ಲಿ ಅದಾರ್ರಿ? ಮ್ಯಾಲೆ ನಾವು ಆರು ಮಂದಿ ಅಷ್ಟ ಅದೇವಿ.”

“ನಿಮ್ಮ ಸಲುವಾಗೇ ಹೋರಾಟ ನಡದೈತಿ.”

“ಹಂಗಾರ ಸ್ವಲ್ಪ ಮೆತ್ತಗ ಹೋರಾಡ್ರಿ. ಲೈನಿನಾಗ ಗಿರಾಕಿ ಅದಾರ.”

ದನಿ ತಗ್ಗಿಸುವುದು ರಾಜಿ ಎಂದು ನಂಬಿದವನು ನಾನು, ಏರಿಸಿದೆ. ನಿಮಗೊಂದು ಕಂಪನಿ ಸಂಸ್ಕೃತಿ ಇದ್ದಂತೆ ನನಗೂ ಒಂದಿದೆ ನೋಡಿ. ಎರಡೂ ಸೇರಿ ಒಬ್ಬಳ ಕೆಲಸ ಕಳೆದವು. ಈಗ ಆಕೆ ಬ್ಯಾಡಗಿಯಲ್ಲಿ ತಾಯಿ ತಾಜಬಿಯ ಪಕ್ಕ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಾಳೆ.

ಗಲಾಟೆ ಕೇಳಿಸಿತು ಎಂದ ಆ ಕರೆಯನ್ನು ನೀವು ಮುದ್ರಿಸಿಕೊಂಡಿದ್ದೀರಲ್ಲ, ಅದನ್ನು ಇನ್ನೊಮ್ಮೆ ಕೇಳಿ. ನನ್ನ ಅಬ್ಬರದ ಹಿಂದೆ ಒಂದು ದನಿ, ಗದಗಿನ ಕಿರಾಣಿಯವರಿಗೆ ಅವರ ಬಿಲ್ಲಿನ ಯಂತ್ರ ಸರಿಹೋಗುವವರೆಗೂ ಸಮಾಧಾನದಿಂದ ದಾರಿ ಹೇಳುತ್ತಿದೆ. ಆ ದನಿ ಹೊಂದದ ಸಂಸ್ಕೃತಿ ಯಾವುದು? ನನ್ನ ಬೇಡಿಕೆ ಒಂದೇ: ನಿಮ್ಮಲ್ಲಿ ಒಬ್ಬರು ಖುದ್ದಾಗಿ ಬಂದು, ಆಕೆಯ ಎದುರು ಕೂತು, ಕೆಲಸ ವಾಪಸು ಕೊಡಬೇಕು.

ಇದನ್ನು ಪತ್ರಿಕೆಗೆ ಕೊಡುವ ಮೊದಲು ಆಕೆಗೆ ಓದಿ ತೋರಿಸಿದ್ದೇನೆ. ಅರ್ಧ ಪುಟ ಹೊಡೆದುಹಾಕಿ, “ಇಷ್ಟು ಸಾಕ್ರಿ” ಎಂದಳು. ಯಾರ ಪರವಾಗಿ ಕೂಗುತ್ತೇನೋ ಅವರನ್ನೇ ಒಂದು ಮಾತು ಕೇಳಿದ್ದು ಮೂವತ್ತು ವರ್ಷಗಳಲ್ಲಿ ಇದೇ ಮೊದಲು.

ಇಂತಿ,
ಯಾರೂ ನೇಮಿಸಿಕೊಳ್ಳದ ನಾಯಕ,
ನಿಜಲಿಂಗಪ್ಪ
ಕರ್ಜಗಿ, ಹಾವೇರಿ ತಾಲ್ಲೂಕು, 2009